ಭಟ್ಟರ ಮೂಗು, ದ್ರಾಕ್ಷಿ ತೋಟದ ಊಟ

ಅಡುಗೆ ಕಂಟ್ರಾಕ್ಟಿಗೆ ಇಳಿಯುವ ಹೊಸಬರು ಈಗಲೂ ಆಗಾಗ ಚಾಮರಾಜಪೇಟೆಯ ನಮ್ಮ ಮನೆಗೆ ಬರುತ್ತಾರೆ. ಪಾತ್ರೆ ಎಲ್ಲಿ ಕೊಳ್ಳಬೇಕು, ವ್ಯಾನು ಸ್ವಂತದ್ದು ಇಟ್ಟುಕೊಳ್ಳುವುದೋ ಬಾಡಿಗೆಗೆ ತರುವುದೋ ಎಂದು ಕೇಳುತ್ತಾರೆ. ಅದೆಲ್ಲ ಹೇಳಿಕೊಡುತ್ತೇನೆ, ಅದರಲ್ಲಿ ಗುಟ್ಟೇನೂ ಇಲ್ಲ. ಆಮೇಲೆ ನಾನೊಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಅಡುಗೆಮನೆಯಲ್ಲಿ ಒಂದು ಕೊಳಗ ತಳ ಹಿಡಿಯುತ್ತಿದೆ ಎಂದಿಟ್ಟುಕೊಳ್ಳಿ. ಅದು ಮೊದಲು ಯಾರಿಗೆ ಗೊತ್ತಾಗುತ್ತದೆ? ಗೊತ್ತಾದವನು ಅದನ್ನು ಬಾಯಿಬಿಟ್ಟು ಹೇಳುತ್ತಾನೆಯೇ? ಇದಕ್ಕೆ ಉತ್ತರ ಇಲ್ಲದವರಿಗೆ ನಾನು ಹೇಳುವುದಿಷ್ಟೇ: ಇನ್ನೊಂದು ವರ್ಷ ಬೇರೆಯವರ ಕೈಕೆಳಗೆ ಇರಿ.

ಈ ಪ್ರಶ್ನೆ ನನಗೆ ಹೇಗೆ ಬಂತು ಎಂದು ಬರೆದಿಡುತ್ತೇನೆ. ಅದು ಬಂದದ್ದು ಮದುವೆ ಛತ್ರದಲ್ಲಲ್ಲ, ದೊಡ್ಡಬಳ್ಳಾಪುರದ ಕಡೆಯ ಒಂದು ವೈನ್ ತೋಟದಲ್ಲಿ. ನಾನು ಹುಟ್ಟಿದಾಗಿನಿಂದ ಒಂದು ತೊಟ್ಟು ಬಾಯಿಗೆ ಹಾಕಿದವನಲ್ಲ. ಆದರೂ ಕಸುಬಿನಲ್ಲಿ ಕಲಿತ ಬಹು ದೊಡ್ಡ ಪಾಠ ಅಲ್ಲಿಯೇ ಸಿಕ್ಕಿತು.

ಮೊದಲೇ ಹೇಳಿಬಿಡುತ್ತೇನೆ, ನಾನು ಅಡುಗೆಯವನಲ್ಲ. ಮಾಮೂಲ್‌ಪೇಟೆಯ ಒಂದು ದಿನಸಿ ಮಂಡಿಯಲ್ಲಿ ಮೂಟೆ ಬಿಚ್ಚುವ ಕೆಲಸಕ್ಕೆ ಸೇರಿದವನು. ನಮ್ಮ ಸಾಹುಕಾರರು ಧನಿಯ, ಮೆಣಸು, ಇಂಗು, ಏಲಕ್ಕಿ ಯಾವುದೇ ಬರಲಿ, ಮೊದಲು ಕಣ್ಣು ಮುಚ್ಚಿಸಿ ಮೂಸಿಸುತ್ತಿದ್ದರು. "ಸರಕಿಗೆ ಬಣ್ಣ ಹಚ್ಚಿ ಕಣ್ಣಿಗೆ ಮೋಸ ಮಾಡಬಹುದು ಕಣೋ ರುದ್ರ, ಮೂಗಿಗೆ ಮಾಡಕ್ಕಾಗಲ್ಲ" ಎನ್ನುವುದು ಅವರ ಮಾತು. ಹಳೆಯ ಸರಕು ಯಾವುದು, ಹೊಸ ಸರಕು ಯಾವುದು, ಎರಡನ್ನೂ ಬೆರೆಸಿದ್ದು ಯಾವುದು ಎಂದು ನಾಲ್ಕು ವರ್ಷದಲ್ಲಿ ತಿಳಿಯಿತು. ಚೌಕಾಸಿಯೂ ಅಲ್ಲಿಯೇ ಕಲಿತದ್ದು. ಚೌಕಾಸಿಯಲ್ಲಿ ಗೆಲ್ಲುವವನು ಜಾಸ್ತಿ ಮಾತಾಡುವವನಲ್ಲ. ಮೂಸಿ ನೋಡಿ ಸುಮ್ಮನೆ ಕೆಳಗಿಡುವವನು.

ಮಂಡಿಗೆ ಸಾಮಾನಿಗೆ ಬರುತ್ತಿದ್ದ ಅಡುಗೆಯವರ ಜೊತೆ ಪರಿಚಯ ಬೆಳೆಯಿತು. ಅವರಿಗೆ ಅಡುಗೆ ಬರುತ್ತಿತ್ತು, ಬೀಗರ ಜೊತೆ ಮಾತಾಡಲು ಬರುತ್ತಿರಲಿಲ್ಲ. ನನಗೆ ಮಾತು ಬರುತ್ತಿತ್ತು. ಹಾಗೆ ಶುರುವಾದದ್ದು ನನ್ನ ಕಂಟ್ರಾಕ್ಟು.

ಎನ್.ಆರ್. ಕಾಲೋನಿಯ ಅನಂತ ಭಟ್ಟರು ನನ್ನ ಜೊತೆ ಸೇರಿದ್ದು ತೊಂಬತ್ತರ ದಶಕದ ಮೊದಲಲ್ಲಿ. ಹೆಸರಿಗೆ ನಾನು ಯಜಮಾನ. ಆದರೆ ಅವರ ಅಡುಗೆಮನೆಯ ಹೊಸಿಲನ್ನು ನಾನು ಎಷ್ಟೋ ವರ್ಷ ಒಂದು ದಿನವೂ ದಾಟಿರಲಿಲ್ಲ. ಮದುವೆ, ಉಪನಯನ, ಶ್ರಾದ್ಧ ಎಲ್ಲಕ್ಕೂ ಅವರದು ಮಡಿಯ ಅಡುಗೆ. ನಾವು ಲಿಂಗಾಯತರು, ನಮ್ಮ ಆಚಾರ ನಮಗೆ, ಅವರದು ಅವರಿಗೆ. ತರಕಾರಿ, ತುಪ್ಪ, ಬೆಲ್ಲ ಎಲ್ಲವನ್ನೂ ಹೊಸಿಲಿನ ಹೊರಗೆ ಇಳಿಸುತ್ತಿದ್ದೆ, ಅವರ ಸಹಾಯಕರು ಒಳಗೆ ಎತ್ತಿಕೊಳ್ಳುತ್ತಿದ್ದರು. ಮಾತೆಲ್ಲ ಬಾಗಿಲಲ್ಲೇ. ಇದರಿಂದ ನನಗೆ ಬೇಸರವಾಗುತ್ತಿರಲಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಆಗುತ್ತಿತ್ತು. ಆದರೆ ಕೊಳಗ ತೆರೆದಾಗ ಬರುತ್ತಿದ್ದ ಘಮ ಆ ಬೇಸರವನ್ನು ಕರಗಿಸುತ್ತಿತ್ತು.

ಈಗಿನವರಿಗೆ ನಂಬಲು ಕಷ್ಟವಾಗುವ ಒಂದು ಸಂಗತಿ ಇದೆ. ಭಟ್ಟರು ಅಡುಗೆ ಮಾಡುವಾಗ ರುಚಿ ನೋಡುತ್ತಿರಲಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ನಾಲಿಗೆಗೆ ತಾಗಿಸಿದರೆ ಅದು ಎಂಜಲು. ಐನೂರು ಎಲೆಯ ಮದುವೆಯೇ ಆಗಲಿ, ಒಂದು ತೊಟ್ಟು ಸಾರನ್ನು ಅಂಗೈ ಮೇಲೆ ಹಾಕಿಕೊಂಡವರಲ್ಲ. ಉಪ್ಪು, ಹುಳಿ, ಖಾರ ಕೈಯ ಲೆಕ್ಕ; ಹದ ಮೂಗಿನ ಲೆಕ್ಕ. ಕೊಳಗದ ಮೇಲೆ ಒಂದು ಕ್ಷಣ ಬಗ್ಗಿ, ಆವಿಯನ್ನು ಕೈಯಿಂದ ತಮ್ಮ ಕಡೆಗೆ ಎಳೆದುಕೊಂಡು, "ಇಳಿಸಿ" ಎನ್ನುತ್ತಿದ್ದರು. ಅಷ್ಟೇ.

ಒಮ್ಮೆ ಬಸವನಗುಡಿಯ ಮದುವೆಗೆ ನಾನು ತುಪ್ಪದ ಡಬ್ಬಗಳನ್ನು ಭಾರಿ ಚೌಕಾಸಿ ಮಾಡಿ ತಂದಿದ್ದೆ. ಬೆಲೆ ಇಳಿಸಿದ ಹುಮ್ಮಸ್ಸಿನಲ್ಲಿ ಸರಕನ್ನೇ ಮೂಸಿರಲಿಲ್ಲ. ಭಟ್ಟರು ಹೊಸಿಲಿನ ಒಳಗೆ ನಿಂತೇ ಒಂದು ಡಬ್ಬದ ಮುಚ್ಚಳ ತೆಗೆಸಿದರು, ಮೂಗಿನ ಹತ್ತಿರ ತಂದರು.

"ರುದ್ರಪ್ಪನೋರೇ, ಅಂಗಡಿಯವನು ನಿಮ್ಮ ಮಾತಿಗೆ ಸೋತ ಅಂದ್ಕೊಂಡ್ರಾ?"

"ಯಾಕೆ ಭಟ್ರೇ?"

"ಸೋತಿರೋದು ನೀವು. ಇದರಲ್ಲಿ ಡಾಲ್ಡಾ ಬೆರೆಸಿದಾರೆ. ಇದನ್ನ ತಗೊಂಡು ಹೋಗಿ, ಹೋಮಕ್ಕೂ ಬೇಡ."

ಸಹಾಯಕರೆಲ್ಲ ನಕ್ಕರು, ನಾನೂ ನಕ್ಕೆ. ಡಬ್ಬಗಳನ್ನು ಗಾಡಿಗೆ ಹೇರಿಸಿಕೊಂಡು ಪೇಟೆಗೆ ವಾಪಸ್ ಹೋದೆ. ಹೊಸಬರಿಗೆ ಒಂದು ಮಾತು: ಅಡುಗೆಯವನು ಸಾಮಾನು ವಾಪಸ್ ಕಳಿಸಿದರೆ ಮುಖ ಗಂಟಿಕ್ಕಬೇಡಿ. ಅವನು ಉಳಿಸುತ್ತಿರುವುದು ನಿಮ್ಮ ಹೆಸರನ್ನು.

ಅಷ್ಟರಲ್ಲಿ ಕಸುಬು ಬದಲಾಗತೊಡಗಿತ್ತು. ಸೌದೆ ಒಲೆ ಹೋಗಿ ಗ್ಯಾಸ್ ಬಂತು. ಗ್ಯಾಸಿನ ಉರಿ ಒಂದೇ ಕಡೆ ಬೀಳುತ್ತದೆ, ದೊಡ್ಡ ಪಾತ್ರೆಯ ತಳ ಬೇಗ ಹಿಡಿಯುತ್ತದೆ. ಪಂಕ್ತಿಯ ಪಕ್ಕದಲ್ಲಿ ಬಫೆ ಬಂತು, ಜನ ತಟ್ಟೆ ಹಿಡಿದು ನಿಂತರು. ಭಟ್ಟರು ಇದಾವುದಕ್ಕೂ ಗೊಣಗಲಿಲ್ಲ. ಬಫೆಗೆ ಮಾತ್ರ ಒಂದು ಮಾತು ಹೇಳಿದ್ದರು: "ಕೂತು ಉಣ್ಣೋರಿಗೆ ಹಸಿವು ಗೊತ್ತಾಗುತ್ತೆ. ನಿಂತು ಉಣ್ಣೋರಿಗೆ ಕಾಲು ನೋವು ಮಾತ್ರ ಗೊತ್ತಾಗೋದು."

ಎರಡು ಸಾವಿರದ ಇಸವಿಯ ಆಚೀಚೆ ಮಲ್ಲೇಶ್ವರದ ವಸುಧಾ ಅವರು ನನ್ನನ್ನು ಕರೆಸಿದರು. ಅವರ ಮಗಳ ಮದುವೆಯ ಊಟ ನಮ್ಮದೇ ಆಗಿತ್ತು. ದೊಡ್ಡಬಳ್ಳಾಪುರದ ಆಚೆ ಅವರದೊಂದು ಸಣ್ಣ ದ್ರಾಕ್ಷಿ ತೋಟ, ಅಲ್ಲಿಯೇ ವೈನ್ ತಯಾರಿಸುತ್ತಿದ್ದರು. ಪ್ರತಿವರ್ಷ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಒಂದು ಸಂಜೆ ನಲವತ್ತು ಜನರನ್ನು ತೋಟಕ್ಕೆ ಕರೆದು ಊಟ ಹಾಕುತ್ತಿದ್ದರು. ಒಂದೊಂದು ಭಕ್ಷ್ಯಕ್ಕೆ ಹೊಂದುವ ಒಂದೊಂದು ಬಗೆಯ ವೈನ್. ಅದುವರೆಗೆ ಹೋಟೆಲಿನವರು ಬಂದು ಚೀಸು, ಪಾಸ್ತಾ ಮಾಡಿಕೊಡುತ್ತಿದ್ದರು.

"ಈ ಸಲ ನಮ್ಮ ಊಟಾನೇ ಹಾಕಬೇಕು ಅಂತಿದೀನಿ ರುದ್ರಪ್ಪನವರೇ. ನಮ್ಮ ಮಣ್ಣಿನ ದ್ರಾಕ್ಷಿಗೆ ನಮ್ಮ ಊಟ ಹೊಂದಲ್ಲ ಅಂದ್ರೆ ನಾನು ಯಾಕೆ ತೋಟ ಮಾಡ್ಬೇಕು? ಭಟ್ರು ಬರ್ತಾರಾ?"

ದುಡ್ಡಿನ ಮಾತು ಕಾಫಿ ಆರುವುದರೊಳಗೆ ಮುಗಿಯಿತು. ಭಟ್ಟರನ್ನು ಒಪ್ಪಿಸುವುದು ಕಷ್ಟವಾದೀತು ಎಂದು ಹೆದರಿದ್ದೆ. ಕುಡಿಯುವವರ ಪಂಕ್ತಿಗೆ ಅಡುಗೆ ಮಾಡಿದರು ಎಂದು ಸುದ್ದಿಯಾದರೆ ಶ್ರಾದ್ಧದ ಮನೆಯವರು ಅವರನ್ನು ಕರೆಯುವುದನ್ನು ಬಿಟ್ಟಾರು. ಭಟ್ಟರು ತಮ್ಮ ಮನೆಯ ಜಗಲಿಯ ಮೇಲೆ ಕುಳಿತು ಎಲ್ಲ ಕೇಳಿದರು.

"ಒಲೆ ಬೇರೆ ಇರುತ್ತಾ?"

"ಬೇರೇನೇ ಇರುತ್ತೆ. ಪಾತ್ರೆ ನಮ್ಮದೇ."

"ಅವರ ಲೋಟ ನನ್ನ ಅಡುಗೆಮನೆಗೆ ಬರಕೂಡದು."

"ಬರಲ್ಲ. ಅದು ನನ್ನ ಜವಾಬ್ದಾರಿ."

"ಸರಿ. ಅವರು ಕುಡೀತಾರೆ, ನಾನು ಬೇಯಿಸ್ತೀನಿ. ಒಪ್ಕೊಳ್ಳಿ."

ಇಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಆಶ್ಚರ್ಯವಾಯಿತು. ಶ್ರಾದ್ಧದ ಕೆಲಸಗಳು ಕೈತಪ್ಪಿದರೂ ತಪ್ಪಲಿ ಎನ್ನುವಂತಿತ್ತು ಅವರ ದನಿ. ಯಾಕೆ ಎಂದು ಆಗ ಕೇಳಲಿಲ್ಲ. ಆ ವರ್ಷ ಕಾರ್ತೀಕದಲ್ಲಿ ಅವರಿಗೆ ಕೆಟ್ಟ ಶೀತಜ್ವರ ಬಂದು ಹದಿನೈದು ದಿನ ಮಲಗಿದ್ದರು. ಅದರ ಸುಸ್ತು ಇನ್ನೂ ಇರಬೇಕು ಎಂದುಕೊಂಡೆ.

ಮೆನು ಗೊತ್ತು ಮಾಡಲು ಇಬ್ಬರೂ ತೋಟಕ್ಕೆ ಹೋದೆವು. ವಸುಧಾ ಅವರು ಉದ್ದನೆಯ ಮೇಜಿನ ಮೇಲೆ ನಾಲ್ಕು ಬಾಟಲಿ ಇಟ್ಟಿದ್ದರು. ಗಾಜಿನ ಲೋಟಕ್ಕೆ ಸ್ವಲ್ಪ ಬಗ್ಗಿಸುವುದು, ತಿರುಗಿಸುವುದು, ಮೂಗನ್ನು ಲೋಟದ ಒಳಗೇ ಇಟ್ಟು ಮೂಸುವುದು, ಬಾಯಲ್ಲಿ ಹಾಕಿಕೊಂಡು ಮುಕ್ಕಳಿಸಿ ಪಕ್ಕದ ಬಕೆಟ್ಟಿಗೆ ಉಗಿಯುವುದು. ಉಗಿದಾಗಲೆಲ್ಲ ಭಟ್ಟರು ಕಿಟಕಿಯ ಕಡೆ ತಿರುಗುತ್ತಿದ್ದರು.

"ಈ ಬಿಳೀದರಲ್ಲಿ ಸೀಬೆಕಾಯಿ ಇದೆ, ಆಮೇಲೆ ಸ್ವಲ್ಪ ಹಸಿ ಹುಲ್ಲು," ಎಂದರು ವಸುಧಾ. "ಈ ಕೆಂಪು ಪೀಪಾಯಿಲಿ ಇಟ್ಟಿದ್ದು. ಮೊದಲು ನೇರಳೆಹಣ್ಣು ಬರುತ್ತೆ, ಹಿಂದೆ ಮೆಣಸು, ಕೊನೇಲಿ ಹೊಗೆ. ಭಟ್ರೇ, ಕುಡೀಬೇಡಿ, ವಾಸನೆ ಮಾತ್ರ ನೋಡಿ. ನಿಮ್ಮ ಮೂಗಿನ ಬಗ್ಗೆ ನಮ್ಮ ಬೀದೀಲೆಲ್ಲ ಮಾತು."

ಭಟ್ಟರು ಹಿಂಜರಿದರು. ಆಕೆ ಒಂದು ಲೋಟ ತುಂಬಿ ಮುಂದೆ ಹಿಡಿದರು. ಅವರು ಅದನ್ನು ಮುಟ್ಟದೆ, ಬಗ್ಗಿ, ಆವಿ ಎಳೆದುಕೊಳ್ಳುವ ಹಾಗೆ ಕೈಯಾಡಿಸಿದರು. "ಚೆನ್ನಾಗಿದೆ. ದ್ರಾಕ್ಷಿ ಚೆನ್ನಾಗಿ ಬಂದಿದೆ" ಎಂದರು. ವಸುಧಾ ಅವರು ಅದೇ ಲೋಟವನ್ನು ತಮ್ಮ ಮೂಗಿಗೆ ಹಿಡಿದು ಮುಖ ಹಿಂಡಿದರು.

"ಅಯ್ಯೋ, ಈ ಬಾಟಲಿ ಕೆಟ್ಟುಹೋಗಿದೆ. ಪೂರಾ ವಿನಿಗರ್ ಆಗಿದೆ. ಕ್ಷಮಿಸಿ ಭಟ್ರೇ, ನೀವು ಮರ್ಯಾದೆಗೆ ಚೆನ್ನಾಗಿದೆ ಅಂದ್ರಿ."

ಎರಡು ಗಜ ದೂರದಲ್ಲಿದ್ದ ನನ್ನ ಮೂಗಿಗೂ ಆ ಹುಳಿನಾತ ಬಡಿದಿತ್ತು. ನಾನೂ ಭಟ್ಟರದು ಮರ್ಯಾದೆಯ ಮಾತು ಎಂದೇ ತಿಳಿದೆ.

ನಾಲ್ಕು ಲೋಟಕ್ಕೆ ನಾಲ್ಕು ಭಕ್ಷ್ಯ ಎಂದು ತೀರ್ಮಾನವಾಯಿತು. ಬಿಳಿಯದಕ್ಕೆ ಕೋಸಂಬರಿ, ಅಂಬೊಡೆ. ಗುಲಾಬಿ ಬಣ್ಣದ್ದಕ್ಕೆ ಅನಾನಸ್ ಗೊಜ್ಜು. ಪೀಪಾಯಿಯ ಕೆಂಪಿಗೆ ಬಿಸಿಬೇಳೆ ಭಾತು. ಕೊನೆಯ ಸಿಹಿ ವೈನಿಗೆ ಹೋಳಿಗೆ. ವಾಪಸ್ ಬರುವಾಗ ವ್ಯಾನಿನಲ್ಲಿ ನಾನು ತಮಾಷೆ ಮಾಡಿದೆ.

"ಸೀಬೆಕಾಯಂತೆ, ಹುಲ್ಲಂತೆ, ಹೊಗೆಯಂತೆ. ದ್ರಾಕ್ಷಿಲಿ ದ್ರಾಕ್ಷಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇದೆ ಭಟ್ರೇ."

ಅವರು ನಗಲಿಲ್ಲ. "ಅವರಿಗೆ ಅಷ್ಟೆಲ್ಲ ಬರುತ್ತಲ್ಲ," ಎಂದು ಹೇಳಿ ಯಲಹಂಕ ದಾಟುವವರೆಗೆ ಹೊರಗೆ ನೋಡುತ್ತಾ ಕುಳಿತರು.

ಊಟದ ದಿನ ನಾವು ಬೆಳಗ್ಗೆಯೇ ತೋಟ ಸೇರಿದೆವು. ಮಾವಿನ ಮರಗಳ ಕೆಳಗೆ ಮೇಜು ಹಾಕಿ ಬಾಳೆ ಎಲೆ ಹರಡಿದ್ದಾಯಿತು. ಅಡುಗೆಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ. ಭಟ್ಟರು, ಅವರ ಇಬ್ಬರು ಸಹಾಯಕರು ಒಳಗೆ. ನಾನು ಅಭ್ಯಾಸದಂತೆ ಬಾಗಿಲ ಹೊರಗೆ. ನಾಲ್ಕು ಗಂಟೆಯ ಹೊತ್ತಿಗೆ ಕರೆಂಟು ಹೋಯಿತು. ತೋಟದವರು ಶೆಡ್ಡಿನ ಗೋಡೆಗೇ ಒತ್ತಿಕೊಂಡಿದ್ದ ಜನರೇಟರ್ ಚಾಲೂ ಮಾಡಿದರು. ಅದರ ಗದ್ದಲಕ್ಕೆ ಒಳಗಿನ ಮಾತು ಹೊರಗೆ ಕೇಳದ ಹಾಗಾಯಿತು. ಭಟ್ಟರು ಬಾಗಿಲಿಗೆ ಬಂದು, "ರುದ್ರಪ್ಪನೋರೇ, ಅದನ್ನ ದೂರ ಇಡಕ್ಕಾಗಲ್ವಾ?" ಎಂದು ಕೂಗಿ ಕೇಳಿದರು. ತಂತಿ ಅಷ್ಟು ಉದ್ದ ಇಲ್ಲವಂತೆ ಎಂದೆ. ಅವರು ಒಂದು ಗಳಿಗೆ ಆ ಯಂತ್ರವನ್ನೇ ನೋಡಿ ಒಳಗೆ ಹೋದರು. ಶಬ್ದ ತಲೆನೋವು ತರುತ್ತಿದೆ ಎಂದುಕೊಂಡು ನಾನು ಬಡಿಸುವವರ ಕಡೆ ನಡೆದೆ.

ಬಡಿಸುವವರಿಂದ ಆ ದಿನ ಮೊದಲ ಅನಾಹುತವಾಯಿತು. "ಒಂದಾದ ಮೇಲೆ ಒಂದು ಬಡಿಸಿ" ಎಂದು ನಾನು ಹೇಳಿದ್ದೆ. ಮದುವೆ ಪಂಕ್ತಿಯಲ್ಲಿ ಪಳಗಿದ ಕೈಗಳು ಅವು. ಒಬ್ಬನ ಹಿಂದೆ ಇನ್ನೊಬ್ಬ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಅಂಬೊಡೆ, ಗೊಜ್ಜು, ಹೋಳಿಗೆ. ಒಂದಾದ ಮೇಲೆ ಒಂದೇ, ನಡುವೆ ಉಸಿರು ತೆಗೆಯದೆ. ವಸುಧಾ ಅವರು ಬಿಳಿ ವೈನಿನ ಬಗ್ಗೆ ಎರಡು ಮಾತು ಹೇಳಲು ಎದ್ದು ನಿಲ್ಲುವಷ್ಟರಲ್ಲಿ ನಲವತ್ತು ಎಲೆಗಳೂ ತುಂಬಿದ್ದವು. ಭಾತಿನ ಪಾತ್ರೆಯೂ ಸಾಲಿನ ತುದಿಯವರೆಗೆ ಬಂದಿತ್ತು.

ಆಕೆ ನನ್ನನ್ನು ಪಕ್ಕಕ್ಕೆ ಕರೆದರು. "ಏನ್ರೀ ಇದು? ಒಂದೊಂದಾಗಿ ಅಂದ್ರೆ ಇದೇನಾ? ಎಲೆ ತೆಗೆಸಿ, ಮತ್ತೆ ಬಡಿಸೋಣ."

"ಬಡಿಸಿದ ಎಲೆ ಉಣ್ಣೋಕೆ ಮುಂಚೆ ಎತ್ತಬಾರದು ಅಮ್ಮಾ. ಅದು ಶುಭ ಅಲ್ಲ. ನೀವು ಎಲೆಯ ಜಾಗ ಹೇಳಿ. ಎಡಗಡೆ ಮೇಲಿನ ಮೂಲೆಗೆ ಈ ಲೋಟ, ಪಕ್ಕದ ಗೊಜ್ಜಿಗೆ ಆ ಲೋಟ ಅಂತ. ಅವರೇ ಎಲೆ ಮೇಲೆ ಪ್ರಯಾಣ ಮಾಡ್ಲಿ."

ಆಕೆ ನನ್ನ ಮುಖ ನೋಡಿದರು. ಬೇರೆ ದಾರಿ ಇರಲಿಲ್ಲ. ಹಾಗೆಯೇ ಹೇಳಿದರು, ಜನರಿಗೆ ಅದೇ ಹಿಡಿಸಿತು. ಕಲಿಯಬೇಕಾದವರು ಕಲಿಯಿರಿ: ಎಡವಟ್ಟಾದಾಗ ಹಿಂದಕ್ಕೆ ಹೋಗಲು ನೋಡಬೇಡಿ. ನಿಂತಲ್ಲಿಂದ ಮುಂದಕ್ಕೆ ಹೋಗುವ ದಾರಿ ಹುಡುಕಿ.

ಆ ಗಡಿಬಿಡಿ ಮುಗಿಯಿತು ಎನ್ನುವಾಗ ನನ್ನ ಮೂಗಿಗೆ ಒಂದು ವಾಸನೆ ಬಂತು. ಭಾತು ಬಡಿಸುತ್ತಿದ್ದ ಪಾತ್ರೆ ನನ್ನ ಮುಂದೆಯೇ ಹಾದುಹೋಯಿತು. ಚಕ್ಕೆ, ಲವಂಗ, ತುಪ್ಪದ ಅಡಿಯಲ್ಲಿ ಸೀದ ಬೇಳೆಯ ವಾಸನೆ. ಕರಕಲಾಗಿರಲಿಲ್ಲ. ಆದರೆ ತಳ ಹಿಡಿದದ್ದು ನಿಶ್ಚಯ. ಅನಂತ ಭಟ್ಟರ ಕೈಯಲ್ಲಿ ತಳ ಹಿಡಿದ ಪಾತ್ರೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಶೆಡ್ಡಿಗೆ ಹೋದೆ. ಭಟ್ಟರು ಎರಡನೇ ಸುತ್ತಿನ ಹೋಳಿಗೆಗೆ ತವೆಯ ಮುಂದೆ, ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದರು. ಹೊರಗೆ ಕೊಳಗ ತೊಳೆಯುತ್ತಿದ್ದ ಸಹಾಯಕನನ್ನು ಮೆಲ್ಲಗೆ ಕೇಳಿದೆ.

"ನಿನಗೆ ವಾಸನೆ ಗೊತ್ತಾಗಲಿಲ್ವೇನಯ್ಯಾ?"

"ಗೊತ್ತಾಯ್ತು ಸಾರ್. ಭಟ್ರು ಕೊಳಗದ ಮುಂದೇನೇ ನಿಂತಿದ್ರು. ಅವರಿಗೆ ಗೊತ್ತಾಗದೆ ಇರುತ್ತಾ ಅಂತ ಸುಮ್ನಿದ್ದೆ. ವೈನ್‌ನೋರಿಗೆ ಹಿಂಗೇ ಬೇಕೇನೋ ಅನ್ಕೊಂಡೆ."

"ಹೇಳೋದಲ್ವಾ?"

"ಭಟ್ರಿಗೆ? ನಾನು?" ಎಂದು ಅವನು ಹುಚ್ಚನನ್ನು ನೋಡುವಂತೆ ನನ್ನನ್ನು ನೋಡಿದ.

ನಾನೂ ಭಟ್ಟರಿಗೆ ಏನೂ ಹೇಳಲಿಲ್ಲ. ಅತಿಥಿಗಳು ಎಲೆಯ ಮುಂದೆ ಇರುವಾಗ ಅಡುಗೆಯವನ ಕೈ ನಡುಗಿಸಬಾರದು. ಊಟ ಮುಗಿಯಲಿ ಎಂದುಕೊಂಡೆ.

ಊಟ ಮುಗಿಯುವ ಮೊದಲೇ ವಸುಧಾ ಅವರು ಉತ್ಸಾಹದಿಂದ ಬಂದರು. "ಭಟ್ರನ್ನ ಕರೀರಿ, ಎಲ್ಲರೂ ನೋಡ್ಬೇಕಂತೆ." ಭಟ್ಟರು ಅಂಗವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಾ ಮರದ ಕೆಳಗೆ ಬಂದು ನಿಂತರು. ಜನ ಚಪ್ಪಾಳೆ ತಟ್ಟಿದರು. ವೈನಿನ ವಿಷಯ ಬಲ್ಲ ಒಬ್ಬ ಹಿರಿಯರು, ಆ ಸಂಜೆಯ ಮುಖ್ಯ ಅತಿಥಿ, ಎದ್ದು ನಿಂತು ಕೈಮುಗಿದರು.

"ಸ್ವಾಮಿ, ನಾನು ಎಷ್ಟೋ ಕಡೆ ಇಂಥ ಊಟ ಮಾಡಿದೀನಿ. ಈ ಕೆಂಪು ವೈನಲ್ಲಿ ಪೀಪಾಯಿಯ ಹೊಗೆ ಇದೆ. ನಿಮ್ಮ ಭಾತಲ್ಲೂ ಅದೇ ಹೊಗೆ. ಎರಡೂ ಬಾಯಲ್ಲಿ ಸೇರಿದ್ರೆ ಅಣ್ಣತಮ್ಮ ಸಿಕ್ಕಿದ ಹಾಗಿತ್ತು. ಆ ಹೊಗೆ ವಾಸನೆ ಹೆಂಗೆ ತಂದ್ರಿ?"

ನಾನು ಭಟ್ಟರನ್ನು ನೋಡಿದೆ. ಅವರ ಮುಗಿದ ಕೈಗಳು ಹಾಗೆಯೇ ಇದ್ದವು. ತುಟಿ ಸ್ವಲ್ಪ ತೆರೆಯಿತು. ಅವರು ಆ ಹಿರಿಯರನ್ನು ನೋಡಲಿಲ್ಲ, ಎಲೆಯ ಮೇಲೆ ಉಳಿದಿದ್ದ ಭಾತನ್ನು ನೋಡಿದರು. ಆಮೇಲೆ ನನ್ನನ್ನು. ಹೌದೇ ಎಂದು ಕಣ್ಣಿನಲ್ಲೇ ಕೇಳಿದರು. ನನಗೆ ತಲೆ ತಗ್ಗಿಸದೆ ಬೇರೆ ಗತಿ ಇರಲಿಲ್ಲ.

"ದೇವರ ದಯ," ಎಂದರು ಭಟ್ಟರು. ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಮೂವತ್ತು ವರ್ಷದ ಕಸುಬಿನಲ್ಲಿ ಅಡುಗೆಯವರನ್ನು ಬೈದವರನ್ನು ಎಷ್ಟೋ ಕಂಡಿದ್ದೇನೆ. ಒಂದು ಹೊಗಳಿಕೆ ಮನುಷ್ಯನನ್ನು ಅಷ್ಟು ಆಳಕ್ಕೆ ಇರಿದದ್ದನ್ನು ನೋಡಿದ್ದು ಅದೊಂದೇ ಸಲ.

ಮಾರನೆಯ ಬೆಳಗ್ಗೆ ಎನ್.ಆರ್. ಕಾಲೋನಿಗೆ ಹೋದೆ. ಭಟ್ಟರು ಜಗಲಿಯ ಮೇಲೆ ಇದ್ದರು. ಅವರ ಹೆಂಡತಿ ಶಾರದಮ್ಮನವರು ಕಾಫಿ ತಂದಿಟ್ಟು ಒಳಗೆ ಹೋದರು. ಭಟ್ಟರು ಲೋಟ ಎತ್ತಿ ಮೂಗಿನ ಹತ್ತಿರ ಹಿಡಿದರು.

"ಇದು ಕಾಫಿ ಅಂತ ನನಗೆ ಬಿಸಿಯಿಂದ ಗೊತ್ತು, ಬಣ್ಣದಿಂದ ಗೊತ್ತು. ವಾಸನೆಯಿಂದ ಗೊತ್ತಿಲ್ಲ ರುದ್ರಪ್ಪನೋರೇ. ಕಾರ್ತೀಕದ ಜ್ವರ ಬಿಟ್ಟಾಗಲೇ ಹೋಯ್ತು."

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸಿದೆ. ಬರಬಹುದು, ಬರದೆಯೂ ಇರಬಹುದು ಅಂದ್ರು."

"ಅಲ್ಲಾ, ಇಷ್ಟು ತಿಂಗಳು ಮದುವೆ, ಮುಂಜಿ ಎಲ್ಲ ಮಾಡಿದ್ರಲ್ಲ, ಒಂದು ಎಲೆಯೂ ಕೆಡಲಿಲ್ಲ?"

"ಕಿವಿ ಇತ್ತಲ್ಲ. ಬೇಳೆ ಗಟ್ಟಿಯಾದಾಗ ಒಂದು ಶಬ್ದ, ತಳ ಹಿಡಿಯೋಕೆ ಮುಂಚೆ ಇನ್ನೊಂದು ಶಬ್ದ. ಒಗ್ಗರಣೆಗೆ ಸಾಸಿವೆ ತಾನೇ ಹೇಳುತ್ತೆ. ಕಿವಿಯಿಂದ ಕಾಲ ತಳ್ಳಿದೆ. ನೆನ್ನೆ ಆ ಯಂತ್ರ ಕಿವಿಯನ್ನೂ ಕಿತ್ಕೊಳ್ತು."

ನನಗೆ ಅವರು ಜನರೇಟರನ್ನು ನೋಡುತ್ತಾ ನಿಂತದ್ದು ನೆನಪಾಯಿತು. ವಿನಿಗರ್ ಲೋಟ ನೆನಪಾಯಿತು. ತೋಟದ ಕೆಲಸಕ್ಕೆ ಸುಲಭವಾಗಿ ಒಪ್ಪಿದ್ದೂ ಅರ್ಥವಾಯಿತು. ದೇವರಿಗೂ ಪಿತೃಗಳಿಗೂ ಇಡದ ಊಟ ಅದು, ತಪ್ಪಾದರೂ ಪಾಪ ಕಡಿಮೆ ಎಂದು ಅವರು ಲೆಕ್ಕ ಹಾಕಿದ್ದರು.

"ಇನ್ನು ಸಾಕು," ಎಂದರು. "ಶ್ರಾದ್ಧದ ಅಡುಗೆ ಇವತ್ತಿಂದ ಒಪ್ಕೋಬೇಡಿ. ನೆನ್ನೆ ಸೀದದ್ದನ್ನ ಹೊಗಳೋಕೆ ಜನ ಇದ್ರು. ಪಿತೃಗಳಿಗೆ ಸೀದದ್ದು ಇಟ್ರೆ ಅವರು ಎದ್ದು ಬಂದು ಹೇಳ್ತಾರಾ? ಮದುವೆಗೂ ಬೇರೆಯವರನ್ನ ನೋಡ್ಕೊಳ್ಳಿ."

"ಸಹಾಯಕರು ಇದಾರಲ್ಲ ಭಟ್ರೇ. ಅವರಿಗೆ ಮೂಗಿದೆ."

"ಮೂಗಿದೆ. ನನ್ನ ಮುಂದೆ ಬಾಯಿಲ್ಲ. ನಾನೇ ಇಲ್ಲದ ಹಾಗೆ ಮಾಡಿದೀನಿ."

ನಾನು ಮಾಮೂಲ್‌ಪೇಟೆಯಲ್ಲಿ, ಕಲಾಸಿಪಾಳ್ಯದಲ್ಲಿ, ಬೀಗರ ಮನೆಗಳಲ್ಲಿ ಮಾಡಿದ ಚೌಕಾಸಿಗಳೆಲ್ಲ ಆ ಜಗಲಿಯ ಮುಂದೆ ಸಣ್ಣವು. ಒಳಗೆ ಶಾರದಮ್ಮನವರು ಪಾತ್ರೆಯ ಸದ್ದು ನಿಲ್ಲಿಸಿದ್ದರು, ಕೇಳಿಸಿಕೊಳ್ಳುತ್ತಿದ್ದರು. ಈ ಮನುಷ್ಯ ಒಲೆ ಬಿಟ್ಟರೆ ದಿನವಿಡೀ ಏನು ಮಾಡುತ್ತಾರೆ ಎಂಬ ಭಯ ಅವರಿಗೂ ಇತ್ತು, ನನಗೂ ಇತ್ತು.

"ಶ್ರಾದ್ಧ ಬೇಡ, ಒಪ್ಪಿದೆ," ಎಂದೆ. "ಆ ಮಾತಲ್ಲಿ ನಾನು ಎದುರು ಹೇಳಲ್ಲ. ಮದುವೆಗೆ ಮಾತ್ರ ಬನ್ನಿ. ನಾನು ಹೊಸಿಲ ಹೊರಗೆ ನಿಂತಿರ್ತೀನಿ. ನಂದೂ ಮೂಗೇ, ಪೇಟೇಲಿ ಪಳಗಿದ್ದು. ಹದ ಬಂದಾಗ 'ಗಾಡಿ ಬಂತು ಭಟ್ರೇ' ಅಂತೀನಿ. ನೀವು ಇಳಿಸಿ. ಯಾರಿಗೂ ಗೊತ್ತಾಗಲ್ಲ."

ಅವರು ಆರಿದ ಕಾಫಿಯನ್ನು ಕುಡಿದು ಲೋಟ ಕೆಳಗಿಟ್ಟರು. "ನಿಮ್ಮ ಮೂಗು ಡಾಲ್ಡಾ ತಂದ ಮೂಗಲ್ವಾ?" ಎಂದರು.

"ಅವತ್ತು ಮೂಸಿರಲಿಲ್ಲ ಭಟ್ರೇ. ಬೆಲೆ ನೋಡಿದ್ದೆ."

ಮಲ್ಲೇಶ್ವರದ ಮುಂದಿನ ಮದುವೆಗೆ ಅವರು ಬೆಳಗಿನ ಜಾವ ಛತ್ರದಲ್ಲಿದ್ದರು.

ಹಾಗೆ ಒಂದು ವರ್ಷ ನಡೆಯಿತು. ಬೀಗರು ಕರೆದರೂ, ಓಲಗದವರು ಕರೆದರೂ ನಾನು ಅಡುಗೆಮನೆಯ ಬಾಗಿಲು ಬಿಡುತ್ತಿರಲಿಲ್ಲ. "ಗಾಡಿ ಬಂತು ಭಟ್ರೇ" ಎಂದರೆ ಒಳಗಿಂದ "ಇಳಿಸಿ" ಎಂಬ ಮಾತು ಬರುತ್ತಿತ್ತು. ಒಬ್ಬ ಸಹಾಯಕ ಪ್ರತಿಸಲ ಹೊರಗೆ ಓಡಿಬಂದು ಬೀದಿ ನೋಡಿ, "ಯಾವ ಗಾಡಿ ಸಾರ್, ಕಾಣ್ತಿಲ್ವಲ್ಲ" ಎನ್ನುತ್ತಿದ್ದ. ಮೊಸರಿನ ಗಾಡಿ, ಆಚೆ ಬೀದೀಲಿ ನಿಂತಿದೆ ಎನ್ನುತ್ತಿದ್ದೆ. ಯಾರ ಎಲೆಯೂ ಕೆಡಲಿಲ್ಲ. ಶ್ರಾದ್ಧದ ಮನೆಗಳಿಂದ ಬಂದವರಿಗೆಲ್ಲ ಭಟ್ಟರಿಗೆ ವಯಸ್ಸಾಯಿತು, ಅಷ್ಟು ಹೊತ್ತು ಉಪವಾಸ ಇರಲಾರರು ಎಂದು ಹೇಳಿ ಬೇರೆಯವರನ್ನು ತೋರಿಸಿದೆ. ಆದರೂ ನನಗೆ ಒಂದು ಸಂಗತಿ ಕಾಣುತ್ತಿತ್ತು. ಅಡುಗೆ ಹದವಾಗಿ ಇಳಿಯುತ್ತಿತ್ತು, ಭಟ್ಟರ ಮುಖ ಮಾತ್ರ ಅರಳುತ್ತಿರಲಿಲ್ಲ. ನನ್ನ ಕೂಗು ಅವರಿಗೆ ಯಾವಾಗ ಇಳಿಸಬೇಕು ಎಂದು ಹೇಳುತ್ತಿತ್ತು. ಕೊಳಗದಿಂದ ಏನು ಘಮ ಏಳುತ್ತಿದೆ ಎಂದು ಹೇಳುತ್ತಿರಲಿಲ್ಲ.

ಮತ್ತೆ ದ್ರಾಕ್ಷಿ ಕೊಯ್ಲಿನ ಕಾಲ ಬಂತು. ವಸುಧಾ ಅವರು ಅದೇ ಊಟ, ಅದೇ ಹೊಗೆಯ ಭಾತು ಬೇಕು ಎಂದರು. ಹೊಗೆ ಬರಲ್ಲ, ಬರೀ ಭಾತು ಬರುತ್ತೆ ಎಂದು ನಾನು ಷರತ್ತು ಹಾಕಿದೆ. ಜನರೇಟರನ್ನು ತೋಟದ ಆ ತುದಿಗೆ ಒಯ್ಯಬೇಕು, ಉದ್ದ ತಂತಿ ತರಿಸಬೇಕು ಎಂದೂ ಹೇಳಿದೆ. ಆಕೆ ಕಾರಣ ಕೇಳಲಿಲ್ಲ. ಬಡಿಸುವವರಿಗೆ ಈ ಸಲ, ನಾನು ಟವೆಲ್ ಬೀಸುವವರೆಗೆ ಮುಂದಿನ ಪಾತ್ರೆ ಮುಟ್ಟಕೂಡದು ಎಂದು ತಾಕೀತು ಮಾಡಿದೆ.

ಸಂಜೆಯಾಗುತ್ತಿತ್ತು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಸಹಾಯಕರಿಬ್ಬರೂ ಎಲೆ ತೊಳೆಯಲು ಹೋಗಿದ್ದರು. ಒಳಗೆ ಭಟ್ಟರು ಒಬ್ಬರೇ, ಭಾತಿನ ಕೊಳಗದ ಮುಂದೆ ಉದ್ದನೆಯ ಸೌಟು ಹಿಡಿದು. ದೂರದ ಮರದ ಕೆಳಗೆ ವಸುಧಾ ಅವರು ಮೊದಲು ಬಂದ ಅತಿಥಿಗಳಿಗೆ ಬಿಳಿ ವೈನ್ ಬಗ್ಗೆ ಹೇಳುತ್ತಿದ್ದ ಮಾತು ತೇಲಿಬರುತ್ತಿತ್ತು: ಸೀಬೆಕಾಯಿ, ಹಸಿ ಹುಲ್ಲು.

"ರುದ್ರಪ್ಪನೋರೇ, ಒಳಗೆ ಬನ್ನಿ."

ಕೇಳಿದ್ದು ಸರಿಯೇ ಎಂದು ಅನುಮಾನವಾಯಿತು. "ಪರವಾಗಿಲ್ಲ ಭಟ್ರೇ, ಇಲ್ಲಿಂದ ಚೆನ್ನಾಗಿ ಗೊತ್ತಾಗುತ್ತೆ."

"ಹೊಸಿಲಿಂದ ತಳದ ವಾಸನೆ ಬರೋ ಹೊತ್ತಿಗೆ ತಡ ಆಗಿರುತ್ತೆ. ಬನ್ನಿ."

ಚಪ್ಪಲಿ ಬಿಟ್ಟೆ. ಬಾಗಿಲ ಪಕ್ಕದ ಬಕೆಟ್ಟಿನಲ್ಲಿ ಕೈಕಾಲು ತೊಳೆದೆ. ಹೊಸಿಲು ದಾಟಿ ಅವರ ಪಕ್ಕದಲ್ಲಿ ನಿಂತೆ. ಅಷ್ಟು ವರ್ಷ ಅವರ ಅನ್ನದಿಂದ ಬದುಕಿದವನು ಅವರ ಒಲೆಯ ಶಾಖವನ್ನು ಮೊದಲ ಸಲ ಮುಖಕ್ಕೆ ತಾಗಿಸಿಕೊಂಡೆ.

"ಏನು ವಾಸನೆ ಬರ್ತಿದೆ ಹೇಳಿ."

"ಚೆನ್ನಾಗಿದೆ ಭಟ್ರೇ."

"ಚೆನ್ನಾಗಿದೆ ಅಂತ ನಾನೂ ಅಂದಿದ್ದೆ, ವಿನಿಗರ್‌ಗೆ. ಆ ಅಮ್ಮ ಹೇಳ್ತಾರಲ್ಲ, ಹಾಗೆ ಹೇಳಿ."

ನಾನು ಅಣಕಿಸಿದ್ದ ಮಾತುಗಳವು. ಕೊಳಗದ ಮೇಲೆ ಬಗ್ಗಿದೆ. ಕಣ್ಣು ಮುಚ್ಚಿ, ಮಂಡಿಯ ಸಾಹುಕಾರರ ಮುಂದೆ ನಿಂತ ಹಾಗೆ ಉಸಿರೆಳೆದೆ.

"ಮೊದಲು ಧನಿಯ ಭಟ್ರೇ. ಹೊಸ ಧನಿಯ, ಮೂಟೆ ಬಿಚ್ಚಿದಾಗ ಬರೋ ಥರ. ಅದರ ಹಿಂದೆ ಚಕ್ಕೆ, ಜಾಸ್ತಿ ಇಲ್ಲ, ಪಕ್ಕದ ಮನೇಲಿ ಯಾರೋ ಹುರೀತಿದಾರೆ ಅನ್ನೋ ಹಾಗೆ. ಹುಣಸೆಹಣ್ಣಿನ ಹಸಿ ಇನ್ನೂ ಸ್ವಲ್ಪ ಇದೆ, ಮೂಗಿನ ತುದೀಲಿ ಚುಚ್ಚುತ್ತೆ."

ಭಟ್ಟರು ಸೌಟು ತಿರುಗಿಸುತ್ತಿದ್ದರು. ಕಣ್ಣು ಮುಚ್ಚಿತ್ತು. "ಹೂಂ. ಆಮೇಲೆ?"

"ಈಗ ಹಸಿ ಹೋಯ್ತು. ಬೇಳೆ ವಾಸನೆ ಮೇಲಕ್ಕೆ ಬಂತು, ಬಾಣಂತಿ ಕೋಣೇಲಿ ಇರುತ್ತಲ್ಲ, ಬೆಚ್ಚಗೆ, ಹಾಗೆ. ಒಗ್ಗರಣೆ ತುಪ್ಪ ಬಂತು. ಇಂಗು ಒಂದು ಸಲ ಬಂದು ಹೋಯ್ತು."

"ಯಾವ ಇಂಗು?"

"ನಾನೇ ತಂದಿದ್ದು. ಮೂಸಿ ತಂದಿದ್ದು."

ಅವರ ಮುಖದಲ್ಲಿ ಏನೋ ಸಡಿಲವಾಯಿತು. ವರ್ಷದಿಂದ ನಾನು ಕಾಣದಿದ್ದ ಮುಖ ಅದು. ಸೌಟಿನ ಕೈ ನಿಧಾನವಾಯಿತು.

"ತಳ?"

ಇನ್ನೂ ಬಗ್ಗಿದೆ. ಹೊಗೆ ಇರಲಿಲ್ಲ.

"ತಳ ಶುದ್ಧವಾಗಿದೆ ಭಟ್ರೇ. ಈಗ ಇಳಿಸಿ."

ಅವರು ಒಂದು ಕಡೆಯ ಹಿಡಿ ಹಿಡಿದರು. ಇನ್ನೊಂದು ಕಡೆ ಹಿಡಿಯಲು ಸಹಾಯಕರು ಇರಲಿಲ್ಲ. ಭಟ್ಟರು ಅಂಗವಸ್ತ್ರದ ಒಂದು ತುದಿಯನ್ನು ನನ್ನ ಕಡೆಗೆ ಚಾಚಿದರು. ಅದನ್ನು ಕೈಗೆ ಸುತ್ತಿಕೊಂಡೆ. ಇಬ್ಬರೂ ಸೇರಿ ಕೊಳಗ ಇಳಿಸಿದೆವು.